ಸ್ನಾನ ಮಾಡಿಸಿದ್ದಕ್ಕೆ ಸತ್ತಿತೆ?

ಹಳೇಬೀಡಿನ ಮಗ್ಗುಲಲ್ಲಿರುವ ಬಸ್ತಿಹಳ್ಳಿಯಿಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೋಟುಬುಕ್ಕಿನ ಎರಡು ಹಾಳೆ ತುಂಬ ಬರೆದು ಕಳಿಸಿದ್ದಾಳೆ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ಬಸ್ತಿಹಳ್ಳಿ ಎಂದೊಡನೆ ನಮಗೆಲ್ಲ ನೆನಪಾಗುವುದು ಪಾರ್ಶ್ವನಾಥ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬಗಳು. ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ಅದು. ಹುಡುಗಿಯ ಪತ್ರದಲ್ಲಿ ಬಸದಿಯ ಮಾತು ಬರುವುದು ಒಂದೇ ಸಲ. ಪ್ರವಾಸಿಗಳು ಎಸೆಯುವ ಬಿಸ್ಕತ್ತಿನ ಆಸೆಗೆ ಅವಳ ನಾಯಿಮರಿ ಅಲ್ಲಿನ ಗೇಟಿನ ತನಕ ಓಡುತ್ತಿತ್ತಂತೆ. ಉಳಿದದ್ದೆಲ್ಲ ಮರಿ ಸತ್ತ ಕಥೆ.

ಕಥೆ ಹೀಗಿದೆ. ಎರಡೂವರೆ ತಿಂಗಳ ಮರಿಯನ್ನು ಅಪ್ಪ ಒಂದು ಭಾನುವಾರ ಪಕ್ಕದ ಊರಿನ ನೆಂಟರ ಮನೆಯಿಂದ ತಂದರು. ಬುಧವಾರ ಮೈಯೆಲ್ಲ ಕೆಸರು ಮಾಡಿಕೊಂಡಿತೆಂದು ಹುಡುಗಿ ಬಚ್ಚಲಲ್ಲಿ ಕೂರಿಸಿ ಸ್ನಾನ ಮಾಡಿಸಿದಳು. ಗುರುವಾರ ಮರಿ ಊಟ ಬಿಟ್ಟಿತು, ನೊರೆನೊರೆಯಾಗಿ ವಾಂತಿ ಮಾಡಿಕೊಂಡಿತು. ಶುಕ್ರವಾರ ರಕ್ತ ಬೆರೆತ ಭೇದಿ ಶುರುವಾಯಿತು, ಮನೆಯೆಲ್ಲ ತಡೆಯಲಾರದ ವಾಸನೆ. ಅಜ್ಜಿ ದಾಳಿಂಬೆ ಸಿಪ್ಪೆಯ ಕಷಾಯ ಮಾಡಿಕೊಟ್ಟರು. ಕಷಾಯ ಕುಡಿಸಲು ಬಾಯಿ ಅಗಲಿಸಿದ ತಮ್ಮನ ಬೆರಳಿಗೆ ಮರಿಯ ಹಲ್ಲು ತಾಗಿ ಒಂದು ಹನಿ ರಕ್ತ ಬಂತು. ಶನಿವಾರ ಪಕ್ಕದ ಮನೆಯವರು ಜ್ವರದ ಮಾತ್ರೆ ಅರ್ಧ ಮುರಿದು ಬೆಲ್ಲದಲ್ಲಿಟ್ಟು ಕೊಟ್ಟರು. ಭಾನುವಾರ ಬೆಳಿಗ್ಗೆ ಹೊತ್ತಿಗೆ ಮರಿ ಇರಲಿಲ್ಲ.

ಅವಳ ಪ್ರಶ್ನೆಗಳು ಮೂರು. ನಾನು ಸ್ನಾನ ಮಾಡಿಸಿದ್ದಕ್ಕೇ ಅದು ಸತ್ತಿತೆ? ಅದೇ ತಾಯಿಯ ಇನ್ನೊಂದು ಮರಿಯನ್ನು ಅಪ್ಪ ಬರುವ ಭಾನುವಾರ ತರುತ್ತಾರಂತೆ, ತರಬಹುದೆ? ಮೂರನೆಯದನ್ನು ಹಾಳೆಯ ಅಂಚಿನಲ್ಲಿ ಚಿಕ್ಕಕ್ಷರದಲ್ಲಿ ಸೇರಿಸಿದ್ದಾಳೆ: ತಮ್ಮನಿಗೆ ಇಂಜೆಕ್ಷನ್ ಏನೂ ಬೇಡ, ಮರಿಯ ಹಲ್ಲಿಗೆ ವಿಷ ಇರುವುದಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ, ಹೌದೆ?

ಅಂಚಿನಲ್ಲಿರುವ ಪ್ರಶ್ನೆಗೇ ಮೊದಲ ಉತ್ತರ. ಮಿಕ್ಕ ಎರಡು ವಾರದ ಪುರವಣಿಗೆ ಕಾಯಬಹುದು, ಇದು ಕಾಯುವಂಥದಲ್ಲ. ಪತ್ರ ನನ್ನ ಕೈ ಸೇರುವಾಗ ಹಲ್ಲು ತಾಗಿ ಒಂಬತ್ತು ದಿನ ಕಳೆದಿತ್ತು. ಪುಣ್ಯಕ್ಕೆ ಹುಡುಗಿ ಅಪ್ಪನ ಮೊಬೈಲ್ ನಂಬರು ಬರೆದಿದ್ದಳು. ಅಂದು ಸಂಜೆಯೇ ಮಾತಾಡಿದೆ. ಮರುದಿನ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ಮೊದಲ ಚುಚ್ಚುಮದ್ದು ಆಯಿತು. ಉಳಿದವನ್ನೂ ತಪ್ಪದೆ ಹಾಕಿಸುತ್ತೇವೆಂದು ಮಾತು ಕೊಟ್ಟಿದ್ದಾರೆ.

ಮರಿ ಸತ್ತದ್ದು ಹುಚ್ಚಿನಿಂದಲೇ ಎಂದು ನಾನು ಹೇಳುತ್ತಿಲ್ಲ. ವಾಂತಿ, ರಕ್ತಭೇದಿ, ಆ ವಾಸನೆ, ಆ ವಯಸ್ಸು ಎಲ್ಲವೂ ಬೇರೊಂದು ರೋಗದ ಕಡೆ ಕೈತೋರಿಸುತ್ತವೆ. ಅದನ್ನು ಮುಂದೆ ಹೇಳುತ್ತೇನೆ. ಆದರೆ ರೇಬಿಸ್ ವಿಷಯದಲ್ಲಿ ವೈದ್ಯರ ಲೆಕ್ಕಾಚಾರವೇ ಬೇರೆ. ನಾಯಿಯ ಜೊಲ್ಲಿನಲ್ಲಿ ರೇಬಿಸ್ ವೈರಸ್ಸು ಬರತೊಡಗಿದ ಮೇಲೆ ಆ ನಾಯಿ ಹತ್ತು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಆದ್ದರಿಂದಲೇ ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿ ಎನ್ನುವುದು. ಹತ್ತನೆಯ ದಿನವೂ ಅದು ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಸ್ಸು ಇರಲಿಲ್ಲವೆಂದು ಅರ್ಥ. ಹತ್ತು ದಿನ ನೋಡಿ ಆಮೇಲೆ ಚುಚ್ಚುಮದ್ದು ಶುರು ಮಾಡಿ ಎಂದಲ್ಲ. ಮದ್ದು ಮೊದಲ ದಿನವೇ ಶುರುವಾಗಬೇಕು, ನಾಯಿ ಬದುಕುಳಿದರೆ ವೈದ್ಯರು ಮುಂದಿನದನ್ನು ಕಡಿಮೆ ಮಾಡಿಯಾರು. ಬಸ್ತಿಹಳ್ಳಿಯ ಮರಿ ಹಲ್ಲು ತಾಗಿಸಿದ ಮೂರನೆಯ ದಿನಕ್ಕೆ ಸತ್ತಿದೆ. ಅದರ ಮೆದುಳನ್ನು ಯಾರೂ ಪ್ರಯೋಗಾಲಯಕ್ಕೆ ಕಳಿಸಿಲ್ಲ. ಇನ್ನು ಯಾರ ಊಹೆಯೂ ಆ ಹುಡುಗನಿಗೆ ರಕ್ಷಣೆಯಲ್ಲ.

ಮರಿಯ ಹಲ್ಲಿಗೆ ವಿಷವಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಹಳೆಯದು, ಬಹಳ ಅಪಾಯದ್ದು. ಹುಚ್ಚುನಾಯಿ ಕಚ್ಚಿದ್ದರೆ, ಕಚ್ಚಿಸಿಕೊಂಡದ್ದು ಮರಿಯಾದರೂ ಒಂದೇ, ಮುದಿನಾಯಿಯಾದರೂ ಒಂದೇ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬಿಸ್‌ನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಹದಿನೈದರ ಒಳಗಿನ ಮಕ್ಕಳು. ಮಕ್ಕಳೇ ಯಾಕೆ? ಮರಿಗಳೊಡನೆ ಆಡುವವರು ಮಕ್ಕಳು. ತರಚಿದ್ದನ್ನು ಬೈಗುಳದ ಭಯಕ್ಕೆ ಮನೆಯಲ್ಲಿ ಹೇಳದೆ ಮುಚ್ಚಿಡುವವರೂ ಮಕ್ಕಳೇ. ತಂದೆತಾಯಂದಿರಲ್ಲಿ ನನ್ನದೊಂದು ಬಿನ್ನಹ. ನಾಯಿ ಕಚ್ಚಿತು ಎಂದು ಮಗು ಬಂದು ಹೇಳಿದಾಗ ಮೊದಲ ಮಾತು ‘ಅಲ್ಲಿಗ್ಯಾಕೆ ಹೋಗಿದ್ದೆ’ ಎಂದಾಗದಿರಲಿ.

ಮೊದಲ ಕೆಲಸ ನೀರು ಮತ್ತು ಸೋಪು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಷ್ಟು ದೀರ್ಘವೆಂಬುದು ತೊಳೆಯಲು ನಿಂತಾಗಲೇ ಗೊತ್ತಾಗುವುದು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಎಕ್ಕದ ಹಾಲು ಯಾವುದೂ ಬೇಡ. ರಕ್ತ ಬಂದ ಗಾಯವಾದರೆ ಲಸಿಕೆಯ ಜತೆಗೆ ಗಾಯದ ಸುತ್ತ ಸಿದ್ಧ ಪ್ರತಿಕಾಯದ ಚುಚ್ಚುಮದ್ದೂ ಬೇಕು. ಅದು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಿಗಲಾರದು. ಇಲ್ಲವೆಂದರೆ ಎಲ್ಲಿ ಸಿಗುತ್ತದೆಂದು ಕೇಳಿ ತಾಲ್ಲೂಕು ಇಲ್ಲವೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಒಂಬತ್ತು ದಿನವಾಯಿತು, ಇನ್ನೇನು ಪ್ರಯೋಜನ ಎಂದು ಸುಮ್ಮನಿರುವುದೂ ಸರಿಯಲ್ಲ. ಮನುಷ್ಯರಲ್ಲಿ ಈ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಕೆಲವರಲ್ಲಿ ವರ್ಷವೂ ಆಗುತ್ತದೆ, ಅಪರೂಪಕ್ಕೆ ವಾರವೇ ಸಾಕಾಗುತ್ತದೆ. ಕಾಣಿಸಿಕೊಂಡ ಮೇಲೆ ಮಾತ್ರ ಮಾಡುವುದೇನೂ ಉಳಿದಿರುವುದಿಲ್ಲ.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಅಜ್ಜ ಅಜ್ಜಿಯರಲ್ಲಿ ಇನ್ನೂ ಉಳಿದಿದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ಭಾರತ 2005ರ ಹೊತ್ತಿಗೆ ಪೂರ್ತಿ ಕೈಬಿಟ್ಟಿತು. ಈಗಿನದು ತೋಳಿಗೆ ಕೊಡುವ ನಾಲ್ಕೋ ಐದೋ ದಿನದ ಮದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಹುಚ್ಚು ಹಿಡಿದ ನಾಯಿ ಎಂದರೆ ಕಂಡಕಂಡವರನ್ನು ಅಟ್ಟಿಸಿಕೊಂಡು ಹೋಗುವ ನಾಯಿ ಎಂದೇ ಎಲ್ಲರ ಎಣಿಕೆ. ರೇಬಿಸ್‌ಗೆ ಮಂಕು ರೂಪವೂ ಇದೆ. ನಾಯಿ ಮೂಲೆ ಹಿಡಿದು ಮಲಗುತ್ತದೆ, ಕೆಳದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನೀರು ಕಂಡರೂ ನುಂಗಲಾಗುವುದಿಲ್ಲ, ಬೊಗಳಿದರೆ ದನಿ ಒಡೆದಿರುತ್ತದೆ. ನೋಡಿದವರು ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದುಕೊಳ್ಳುತ್ತಾರೆ. ಮನೆಯಲ್ಲಿ ಧೈರ್ಯವಂತರೊಬ್ಬರು ಬಾಯೊಳಗೆ ಕೈ ಹಾಕಿ ಹುಡುಕುತ್ತಾರೆ. ಮೂಳೆ ಸಿಗುವುದಿಲ್ಲ. ನಾಯಿಯ ಬಾಯಿಗೆ ಕೈ ಹಾಕುವ ಕೆಲಸವನ್ನು ಪಶುವೈದ್ಯರಿಗೇ ಬಿಡಿ. ಅವರು ಕೈಗವಸು ತೊಟ್ಟಿರುತ್ತಾರೆ, ಮುಂಚೆಯೇ ಲಸಿಕೆ ಹಾಕಿಸಿಕೊಂಡಿರುತ್ತಾರೆ. ನಾಯಿ ಅಂಥ ಅನುಮಾನದಲ್ಲಿ ಸತ್ತರೆ ಅದರ ಮೆದುಳಿನ ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬಿಸ್ ಪ್ರಯೋಗಾಲಯವಿದೆ. ಮಾದರಿ ತೆಗೆದು ಕಳಿಸುವುದೂ ವೈದ್ಯರ ಕೆಲಸವೇ, ಮನೆಯವರದಲ್ಲ.

ಈಗ ಸ್ನಾನದ ಪ್ರಶ್ನೆ. ಮಗಳೆ, ನೀನು ಸ್ನಾನ ಮಾಡಿಸಿದ್ದರಿಂದ ಮರಿ ಸಾಯಲಿಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ದಿನ ಎಣಿಸಿ ನೋಡು. ನೀನು ಬರೆದ ಲಕ್ಷಣಗಳು ಬಹುಮಟ್ಟಿಗೆ ಪಾರ್ವೊ ಎಂಬ ವೈರಸ್ ರೋಗದವು. ನಾನು ಮರಿಯನ್ನು ನೋಡಿಲ್ಲ, ಆದ್ದರಿಂದ ಬಹುಮಟ್ಟಿಗೆ ಎನ್ನುತ್ತೇನೆ. ಪಾರ್ವೊ ವೈರಸ್ಸು ನಾಯಿಯ ಬಾಯಿಗೆ ಹೋದ ಮೇಲೆ ವಾಂತಿಯಾಗಿ ಹೊರಗೆ ಕಾಣಲು ಸುಮಾರು ಮೂರರಿಂದ ಏಳು ದಿನ ಬೇಕು. ನಿಮ್ಮ ಮರಿ ಬಂದದ್ದು ಭಾನುವಾರ, ವಾಂತಿ ಮಾಡಿದ್ದು ಗುರುವಾರ. ಬುಧವಾರ ಬಚ್ಚಲಿಗೆ ಬರುವ ಮೊದಲೇ ವೈರಸ್ಸು ಅದರ ಹೊಟ್ಟೆಯಲ್ಲಿತ್ತು. ನೆಂಟರ ಮನೆಯಲ್ಲೇ ಅಂಟಿತ್ತೋ, ಬಂದ ದಿನ ಬೀದಿಯಲ್ಲಿ ಏನನ್ನೋ ಮೂಸಿ ಅಂಟಿಸಿಕೊಂಡಿತೋ ಹೇಳಲಾಗದು. ಚಿಕ್ಕ ಮರಿಗೆ ತಣ್ಣೀರು ಹೊಯ್ದರೆ ಚಳಿ ಹಿಡಿಯುತ್ತದೆ ನಿಜ, ಬೆಚ್ಚಗೆ ಒರೆಸಿದರೆ ಸಾಕು. ಆದರೆ ಚಳಿ ರಕ್ತಭೇದಿ ತರುವುದಿಲ್ಲ.

ಪಾರ್ವೊ ತೀರ ಹಳೆಯ ರೋಗವೇನಲ್ಲ. 1978ರ ಸುಮಾರಿಗೆ ಮೊದಲು ಕಾಣಿಸಿಕೊಂಡು ಎರಡೇ ವರ್ಷಗಳಲ್ಲಿ ಭೂಮಂಡಲ ಸುತ್ತಿತು. ನಮ್ಮ ಅಜ್ಜಂದಿರ ಕಾಲದ ಮದ್ದಿನ ಪಟ್ಟಿಯಲ್ಲಿ ಇದಕ್ಕೆ ಮದ್ದಿಲ್ಲದಿರಲು ಅದೇ ಕಾರಣ. ಅವರು ಈ ರೋಗ ಕಂಡಿರಲೇ ಇಲ್ಲ. ವೈರಸ್ಸು ಕರುಳಿನ ಒಳಪದರ ಹೊಸದಾಗಿ ಹುಟ್ಟುವ ಜಾಗಕ್ಕೇ ಕೈ ಹಾಕುತ್ತದೆ. ಪದರ ಕಳಚಿ ಬೀಳುತ್ತದೆ, ರಕ್ತ ಒಸರುತ್ತದೆ, ಕರುಳಿನ ಬ್ಯಾಕ್ಟೀರಿಯಾ ಮೈಯೊಳಕ್ಕೆ ನುಗ್ಗುತ್ತವೆ. ಅವನ್ನು ತಡೆಯಬೇಕಾದ ಬಿಳಿ ರಕ್ತಕಣಗಳೂ ಅದೇ ಹೊತ್ತಿಗೆ ಕುಸಿದಿರುತ್ತವೆ. ವೈರಸ್ಸನ್ನೇ ಕೊಲ್ಲುವ ಔಷಧಿ ನಮ್ಮ ಊರಿನ ಆಸ್ಪತ್ರೆಗಳಲ್ಲಿ ಸಿಗುವಂಥದಲ್ಲ. ವೈದ್ಯರು ಮಾಡುವುದು ಮರಿಯನ್ನು ಆ ನಾಲ್ಕೈದು ದಿನ ದಾಟಿಸುವ ಕೆಲಸ: ನರಕ್ಕೆ ಗ್ಲೂಕೋಸು, ಲವಣದ ನೀರು, ವಾಂತಿ ನಿಲ್ಲಿಸುವ ಚುಚ್ಚುಮದ್ದು, ಬ್ಯಾಕ್ಟೀರಿಯಾ ತಡೆಯುವ ಆಂಟಿಬಯಾಟಿಕ್. ಗುರುವಾರವೇ ಹೋಗಿದ್ದರೆ ಉಳಿಯುತ್ತಿತ್ತೆ ಎಂದು ಕೇಳಬಹುದು. ಬೇಗ ಚಿಕಿತ್ಸೆ ಸಿಕ್ಕ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ, ಸಿಗದವುಗಳಲ್ಲಿ ಹೆಚ್ಚಿನವು ಸಾಯುತ್ತವೆ.

ಅಜ್ಜಿಯ ಕಷಾಯದ ಬಗ್ಗೆ ಜಗಳವಾಡಬೇಡ. ದಾಳಿಂಬೆ ಸಿಪ್ಪೆ ವಿಷವಲ್ಲ. ವಾಂತಿ ಮಾಡುತ್ತಿರುವ ಪ್ರಾಣಿಗೆ ಬಲವಂತವಾಗಿ ಏನನ್ನೇ ಕುಡಿಸಿದರೂ ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ, ಕುಡಿಸುವವರ ಬೆರಳಿಗೂ ಕ್ಷೇಮವಲ್ಲ. ಮಾತ್ರೆಯ ವಿಷಯ ಬೇರೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಹೆಚ್ಚಾದರೆ ನಾಯಿಯ ಪಿತ್ತಜನಕಾಂಗಕ್ಕೆ ಪೆಟ್ಟು. ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಮೈಕೈ ನೋವಿನ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಒಂದು ಪ್ರಾಣಿಗೆ ಮದ್ದಾದದ್ದು ಇನ್ನೊಂದಕ್ಕೆ ಏನು ಮಾಡೀತು ಎಂಬುದಕ್ಕೆ ನಮ್ಮ ರಣಹದ್ದುಗಳೇ ಸಾಕ್ಷಿ. ದನಗಳಿಗೆ ನೋವು ಕಳೆಯಲು ಕೊಟ್ಟ ಡೈಕ್ಲೊಫೆನಾಕ್, ಆ ದನಗಳ ಹೆಣ ತಿಂದ ಹದ್ದುಗಳ ಸಂತತಿಯನ್ನೇ ಅಳಿಸುತ್ತ ಬಂತು. ಪಶುಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ ನಿಷೇಧಿಸಬೇಕಾಯಿತು.

ಪತ್ರದಲ್ಲಿ ಒಂದು ಸಾಲು ನನ್ನನ್ನು ಕುಟುಕಿತು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲವೆಂದರೆ, ಅದು ದನದ ಆಸ್ಪತ್ರೆ, ನಾಯಿ ತಗೊಂಡು ಹೋದರೆ ಜನ ನಗುತ್ತಾರೆ ಎಂದು ದೊಡ್ಡವರು ಹೇಳಿದರಂತೆ. ನಗುವವರು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೋಡಲಿ, ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅರಸ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಎಂದಾಗ ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳಲಿಲ್ಲ, ಅರಸನ ನಾಯಿ ಕಾಳಿಯನ್ನು ಕೇಳಿದ. ಆ ಕಾಳಿ ಹಂದಿಯೊಡನೆ ಹೋರಾಡಿತು, ನಾಯಿ ಹಂದಿ ಎರಡೂ ಸತ್ತವು. ಅದರ ನೆನಪಿಗೆ 949ರ ಸುಮಾರಿನಲ್ಲಿ ದೇವಾಲಯದ ಮುಂದೆ ಕಲ್ಲು ನೆಟ್ಟು, ಪೂಜೆಗೆ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷದ ಹಿಂದೆ ಕನ್ನಡಿಗರು ನಾಯಿಗೆ ಭೂಮಿ ಬಿಟ್ಟಿದ್ದಾರೆ. ನಾವು ಒಂದು ರಟ್ಟಿನ ಡಬ್ಬದಲ್ಲಿ ಮರಿಯನ್ನಿಟ್ಟುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಯಾರ ಮಾನ ಹೋದೀತು?

ಪಶು ಆಸ್ಪತ್ರೆ ದನಕ್ಕೆ ಮಾತ್ರ ಎಂದು ಯಾವ ಕಾನೂನೂ ಇಲ್ಲ. ನಾಯಿ, ಬೆಕ್ಕು, ಕೋಳಿ ಎಲ್ಲಕ್ಕೂ ಅಲ್ಲಿ ಚಿಕಿತ್ಸೆಯಿದೆ. ಹೆಚ್ಚಿನ ಸವಲತ್ತು ಬೇಕಾದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಹಳೇಬೀಡಿನಿಂದ ಮೂವತ್ತು ಕಿಲೋಮೀಟರಿನ ದಾರಿ. ದಾರಿ ತಿಳಿಯದಿದ್ದರೆ 1962ಕ್ಕೆ ಫೋನು ಮಾಡಿ. ಇಸವಿಯಲ್ಲ, ಪಶು ಸಹಾಯವಾಣಿಯ ಸಂಖ್ಯೆ.

ಹೋದಾಗ ಏನು ಹೇಳಬೇಕು? ಇಲ್ಲಿ ವಿದ್ಯಾರ್ಥಿಗಳ ಕೆಲಸ ಬಹಳವಿದೆ. ಬಾಯಿಲ್ಲದ ಪ್ರಾಣಿಯ ಪರವಾಗಿ ವೈದ್ಯರಿಗೆ ಮಾತಾಡುವವರು ನೀವೇ. ಬಹುತೇಕ ಜನ ‘ಸಾರ್, ಹುಷಾರಿಲ್ಲ’ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಈ ಹುಡುಗಿಯ ಪತ್ರದಲ್ಲಿ ವಾರದ ಹೆಸರು ಸಮೇತ ಎಲ್ಲ ಇತ್ತು, ಅದರಿಂದಲೇ ನಾನು ಇಷ್ಟಾದರೂ ಹೇಳಲು ಸಾಧ್ಯವಾದದ್ದು. ಮೊದಲು ವಾಂತಿಯಾಯಿತೋ ಭೇದಿಯೋ, ಎಷ್ಟು ಸಲ, ಯಾವ ಬಣ್ಣ, ಹುಳು ಇತ್ತೆ, ಮೂತ್ರ ಹೋಗುತ್ತಿದೆಯೆ, ನೀರು ಕುಡಿಯುತ್ತಿದೆಯೆ, ಯಾವ ಲಸಿಕೆ ಎಂದು ಹಾಕಿಸಿದ್ದು, ಇಲಿ ಪಾಷಾಣವೋ ತೋಟದ ಔಷಧಿಯೋ ಹತ್ತಿರದಲ್ಲಿತ್ತೆ, ಮನೆಯಲ್ಲಿ ಏನೇನು ಕೊಟ್ಟಿರಿ. ಕೊನೆಯದನ್ನು ಮುಚ್ಚಿಡಬೇಡಿ, ಮಾತ್ರೆ ಕೊಟ್ಟಿದ್ದರೆ ಅದರ ಖಾಲಿ ಹಾಳೆಯನ್ನೇ ತೋರಿಸಿ. ನಿಮ್ಮ ನಾಯಿ ಆರೋಗ್ಯವಾಗಿರುವಾಗಲೇ ತುಟಿ ಎತ್ತಿ ವಸಡು ನೋಡಿ ಅಭ್ಯಾಸ ಮಾಡಿಕೊಳ್ಳಿ. ತಿಳಿಗುಲಾಬಿ ಬಣ್ಣವಿರಬೇಕು. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಕಚ್ಚಿಕೊಂಡಿವೆಯೇ ನೋಡಿ. ಉಣ್ಣೆಯಿಂದ ಬರುವ ಜ್ವರದಲ್ಲಿ ಕೆಲವು ನಾಯಿಗಳಿಗೆ ಮೂಗಿನಿಂದ ರಕ್ತ ಸುರಿಯುವುದೂ ಉಂಟು. ಹೆಗಲ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರೆ ತಕ್ಷಣ ಮೊದಲಿನಂತಾಗಬೇಕು, ಗುಡಾರದಂತೆ ನಿಂತರೆ ಮೈಯಲ್ಲಿ ನೀರು ಬತ್ತಿದೆ. ನಾಯಿಯ ಮೈ ಮುಟ್ಟಿ ಜ್ವರವೆನ್ನಬೇಡಿ; ಅದರ ಸಹಜ ಕಾವೇ ಸುಮಾರು 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ ನೋವಿದ್ದಾಗ, ಅದು ಮಂಕಾಗಿ ಜೊಲ್ಲು ಸುರಿಸುತ್ತಿರುವಾಗ ಈ ಯಾವ ಪರೀಕ್ಷೆಯೂ ಬೇಡ.

ಉಳಿದದ್ದು ಭಾನುವಾರದ ಮರಿ. ಇದಕ್ಕೆ ನನ್ನ ಉತ್ತರ, ಈ ಭಾನುವಾರ ಬೇಡ. ಪಾರ್ವೊ ವೈರಸ್ಸು ಸತ್ತ ಮರಿಯೊಡನೆ ಸಾಯುವುದಿಲ್ಲ. ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಫಿನಾಯಿಲ್ ಸುರಿದೆವು ಎಂದು ಅಪ್ಪ ಹೇಳಿದರು. ಈ ವೈರಸ್ಸಿನ ಮುಂದೆ ಫಿನಾಯಿಲನ್ನು ನಂಬುವಂತಿಲ್ಲ. ಸಿಮೆಂಟು ನೆಲ, ಬಚ್ಚಲುಗಳನ್ನು ಮೊದಲು ಚೆನ್ನಾಗಿ ತೊಳೆದು ಆಮೇಲೆ ಬ್ಲೀಚಿಂಗ್ ದ್ರಾವಣ ಹಾಕಿ ಹತ್ತು ನಿಮಿಷ ಬಿಡಬೇಕು. ಅಂಗಳದ ಮಣ್ಣನ್ನು ತೊಳೆಯಲಾಗದು, ಅದಕ್ಕೆ ಬಿಸಿಲೂ ಕಾಲವೂ ಬೇಕು. ಇನ್ನು, ತರಬೇಕೆಂದಿರುವುದು ಸತ್ತ ಮರಿಯ ಒಡಹುಟ್ಟು. ಅಲ್ಲಿಯೇ ರೋಗ ಅಂಟಿದ್ದರೆ ಅದಕ್ಕೂ ಅಂಟಿರಬಹುದು. ನೆಂಟರಿಗೆ ಇವತ್ತೇ ಸುದ್ದಿ ಮುಟ್ಟಿಸಿ. ಉಳಿದ ಮರಿಗಳನ್ನು ಅವರು ಪಶುವೈದ್ಯರಿಗೆ ತೋರಿಸಲಿ.

ಮರಿಯನ್ನು ಅಲ್ಲೇ ಬಿಟ್ಟು ಲಸಿಕೆ ಮುಗಿಸಿ ತರುವುದು ಒಳ್ಳೆಯ ದಾರಿ. ಒಂದೇ ಸಲ ಹಾಕಿಸಿದರೆ ಸಾಲದೆ ಎಂದು ಅವಳ ಅಪ್ಪ ಫೋನಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಲ್ಲಿ ತಾಯಿಯ ರೋಗನಿರೋಧಕಗಳು ಮರಿಗೆ ಬರುತ್ತವೆ. ಅವು ಮರಿಯನ್ನು ಕಾಯುತ್ತವೆ, ಜತೆಗೆ ಲಸಿಕೆಯನ್ನೂ ಹೊಡೆದುಹಾಕುತ್ತವೆ. ಒಂದೂವರೆ ತಿಂಗಳಿಂದ ನಾಲ್ಕು ತಿಂಗಳ ನಡುವೆ ಅವು ಕರಗುತ್ತ ಹೋಗುತ್ತವೆ, ಯಾವ ಮರಿಯಲ್ಲಿ ಯಾವ ದಿನ ಎಂದು ಹೊರಗಿನಿಂದ ತಿಳಿಯದು. ಅದಕ್ಕೇ ಆರೆಂಟು ವಾರಕ್ಕೆ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದ ತನಕ ಹಾಕಿಸುವುದು. ಈ ಲಸಿಕೆಯನ್ನು ಸಾಮಾನ್ಯವಾಗಿ ಅಂಗಡಿಯಿಂದ ಕೊಂಡು ತರಬೇಕಾಗುತ್ತದೆ. ರೇಬಿಸ್ ಲಸಿಕೆ ಬೇರೆಯದು: ಮೂರು ತಿಂಗಳು ತುಂಬಿದಾಗ, ಆಮೇಲೆ ವೈದ್ಯರು ಹೇಳಿದ ದಿನ, ಅಲ್ಲಿಂದ ವರ್ಷವರ್ಷ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಹಾಕುವುದುಂಟು, ವಿಚಾರಿಸಿ. ಹುಚ್ಚುನಾಯಿ ಕಚ್ಚಿದ ಹುಡುಗನಿಗೆ 1885ರಲ್ಲಿ ಮೊದಲ ಬಾರಿ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಆ ಹುಡುಗನಿಗೆ ಒಂಬತ್ತು ವರ್ಷ, ಬಸ್ತಿಹಳ್ಳಿಯ ತಮ್ಮನಿಗೆ ಹತ್ತು.

ಮರಿ ಮಲಗುತ್ತಿದ್ದ ಗೋಣಿಚೀಲವನ್ನು ನೆನಪಿಗೆಂದು ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ ಎಂದು ಬರೆದಿದ್ದೀಯೆ. ಅದನ್ನು ಸುಡಿಸಿಬಿಡು ಮಗಳೆ. ಕೊರಳಿಗೆ ಕಟ್ಟಿದ್ದ ಗೆಜ್ಜೆಯನ್ನು ಬ್ಲೀಚಿಂಗ್ ನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿ, ತೊಳೆದು ಒರೆಸಿ ಇಟ್ಟುಕೋ.